ಚಕ್ಕೆ ಬೀಳದ ಜಾಗ

ಜಯನಗರದ ರಸ್ತೆಗಳಿಗೆ ಇನ್ನೂ ಜಲ್ಲಿ ಹಾಸುತ್ತಿದ್ದ ಕಾಲ. ತ್ಯಾಗರಾಜನಗರದ ನಮ್ಮ ಮನೆಯಿಂದ ನಾನು ದಿನಾ ಬೆಳಿಗ್ಗೆ ಯಡಿಯೂರು ಕೆರೆಯ ಕಡೆಗೆ ನಡೆದು ಹೋಗುತ್ತಿದ್ದೆ. ಅಲ್ಲಿ ಜಲ್ಲಿ ಒಡೆಯುವ ಹೆಂಗಸರ ಮಕ್ಕಳಿಗಾಗಿ ಒಂದು ಮಹಿಳಾ ಸಂಘ ಶಿಶುವಿಹಾರ ತೆರೆದಿತ್ತು. ಸಿಮೆಂಟು ನೆಲ, ಹಂಚಿನ ಮಾಡು, ಮರದ ತೊಟ್ಟಿಲುಗಳು. ಟೀಚರು ನಾನು. ಮಕ್ಕಳು ಮಾತ್ರ ನಿಲ್ಲುತ್ತಿರಲಿಲ್ಲ. ತಾಯಂದಿರು ಬಿಟ್ಟುಹೋದ ಸ್ವಲ್ಪ ಹೊತ್ತಿಗೆ ಒಂದು ಅಳುತ್ತಿತ್ತು, ಅದರ ಹಿಂದೆ ಎಲ್ಲವೂ. ಮಧ್ಯಾಹ್ನದೊಳಗೆ ಎಲ್ಲರೂ ಮತ್ತೆ ಕಲ್ಲಿನ ರಾಶಿಯ ಪಕ್ಕದಲ್ಲಿ.

"ಈ ತಿಂಗಳು ನೋಡೋಣಮ್ಮ. ಆಗ್ಲಿಲ್ಲ ಅಂದ್ರೆ ಮುಚ್ಚಿ ಹೊಲಿಗೆ ಕ್ಲಾಸ್ ಮಾಡ್ಬಿಡೋಣ," ಎಂದರು ಸಂಘದ ಅಧ್ಯಕ್ಷೆ.

ಅಪ್ಪನಿಗೆ ಅದು ಒಳ್ಳೆಯ ಸುದ್ದಿ. ಸರ್ಕಾರಿ ಸ್ಕೂಲೊಂದರಲ್ಲಿ ನನಗೆ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳ ಒಂದನೇ ತಾರೀಖಿಗೆ ಸೇರಬೇಕಿತ್ತು.

ಒಂದು ದಿನ ಅಳುತ್ತಿದ್ದ ಹೆಣ್ಣುಮಗುವನ್ನು ಎತ್ತಿಕೊಂಡು ಹೋಗಿ ತಾಯಿಯ ಪಕ್ಕ ಕೂರಿಸಿದೆ. ಆಚೆ ಯಾರದೋ ಸುತ್ತಿಗೆ ಕಲ್ಲಿಗೆ ಬಿತ್ತು. ಚಕ್ಕೆಯೊಂದು ಹಾರಿ ಮಗುವಿನ ಹುಬ್ಬು ಸೀಳಿತು, ಕಣ್ಣಿಗೆ ತೀರ ಹತ್ತಿರ. ನೋಡಿದ್ದನ್ನು ನೋಡಿದಂತೆಯೇ ಬರೆಯುತ್ತೇನೆ: ಮಗು ಮೊದಲು ಅಳಲಿಲ್ಲ, ಕಣ್ಣು ಮಿಟುಕಿಸಿತು. ರಕ್ತ ರೆಪ್ಪೆಗೆ ಇಳಿದ ಮೇಲೆ ಅತ್ತಿತು. ತಾಯಿ ಸೆರಗು ಒತ್ತಿ ಹಿಡಿದಳು. ರಕ್ತ ನಿಂತ ಮೇಲೆ ಮಗುವನ್ನು ಸೀರೆಯ ಜೋಲಿಗೆ ಹಾಕಿ ತನ್ನ ಸುತ್ತಿಗೆ ಎತ್ತಿಕೊಂಡಳು. ಆ ಸದ್ದಿಗೇ ಮಗು ನಿದ್ದೆ ಹೋಯಿತು.

ಇವತ್ತಿಗೂ ಕಲ್ಲಿನ ಮೇಲೆ ಸುತ್ತಿಗೆ ಬಿದ್ದರೆ ನನ್ನ ಕೈ ಹುಬ್ಬಿಗೆ ಹೋಗುತ್ತದೆ. ಆದರೆ ಅವತ್ತು ನಿಂತಲ್ಲೇ ನನಗೆ ವಿಷಯ ಗೊತ್ತಾಯಿತು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿದ ಮಕ್ಕಳವು. ನಮ್ಮ ಸಿಮೆಂಟು ಕೋಣೆಯ ನಿಶ್ಶಬ್ದಕ್ಕೆ ಅವು ಹೆದರುತ್ತಿದ್ದವು. ಸುತ್ತಿಗೆ ಕೇಳಿಸಬೇಕು, ಚಕ್ಕೆ ತಲುಪಬಾರದು. ಅಂಥ ಜಾಗ ಹುಡುಕಬೇಕಿತ್ತು.

ಮಾರನೆಯ ದಿನ ಬಕೆಟ್ಟಿನಲ್ಲಿ ಸಗಣಿ ಕಲಸಿಕೊಂಡು ಹೋಗಿ ಕಲ್ಲಿನ ರಾಶಿಗೆ ತುಸು ದೂರದಲ್ಲಿದ್ದ ಹೊಂಗೆಮರದ ಆಚೀಚೆ ನೆಲ ಸಾರಿಸಿದೆ.

"ಏನ್ ಟೀಚರಮ್ಮ, ಮದ್ವೆ ಚಪ್ಪರ ಹಾಕ್ತೀರಾ?" ಎಂದಳೊಬ್ಬಳು.

"ಗಂಡು ಸಿಕ್ರೆ ಅದನ್ನೂ ಹಾಕ್ಸೋಣ."

"ನಮ್ ಮೇಸ್ತ್ರಿ ಅವ್ನಲ್ಲ!"

ಎಲ್ಲರೂ ನಕ್ಕರು. ಮೇಸ್ತ್ರಿ ಬೀಡಿ ಬಿಸಾಕಿ ಆಚೆ ಹೋದ.

ಸಂಜೆ ಬಗ್ಗಿ ನೋಡಿದೆ. ಸಾರಿಸಿದ ನೆಲದ ಮೇಲೆ ಚಕ್ಕೆ ಅಡಗುವುದಿಲ್ಲ. ರಾಶಿಯ ಹತ್ತಿರ ನೆಲದ ತುಂಬ ಬಿಳಿ ಚೂರು. ಮರದ ಬುಡದಲ್ಲಿ ಅಲ್ಲೊಂದು ಇಲ್ಲೊಂದು. ಮರದಾಚೆ ಒಂದೂ ಇಲ್ಲ. ವಾರವೆಲ್ಲ ಹೀಗೇ ಸಾರಿಸಿ ನೋಡಿದ ಮೇಲೆಯೇ ಮರದಾಚೆ ಜೋಲಿಗಳನ್ನು ಕಟ್ಟಿದೆ. ಸಾಲದ್ದಕ್ಕೆ ಗೋಣಿಚೀಲದ ಪರದೆಯನ್ನೂ ಬಿಟ್ಟೆ. ಹುಬ್ಬು ಸೀಳಿದ ಮಗುವನ್ನೇ ಮೊದಲು ತಂದು ಮಲಗಿಸಿದೆ. ಅದು ಮಲಗಿತು. ಉಳಿದ ತಾಯಂದಿರೂ ಒಬ್ಬೊಬ್ಬರಾಗಿ ಮಕ್ಕಳನ್ನು ತಂದು ಬಿಟ್ಟರು.

ಅಧ್ಯಕ್ಷೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು. "ಓದಿದ ಹುಡುಗಿ, ಬೀದೀಲಿ ಸಗಣಿ ಸಾರಿಸ್ಕೊಂಡು ಕೂತಿದೀಯಲ್ಲಮ್ಮ! ಕಟ್ಟಡ ಯಾತಕ್ಕೆ ಕಟ್ಸಿದ್ದು?"

"ಅಲ್ಲಿ ಹಾಲು ಕಾಯ್ಸೋಣ, ಮೇಡಂ. ಮಕ್ಕಳು ಇಲ್ಲಿ ಮಲಗ್ಲಿ."

ಅವರು ಒಂದೊಂದೇ ಜೋಲಿ ಸರಿಸಿ ಇಣುಕಿ ನೋಡಿದರು. "ಹಾಗಾದ್ರೆ ಹೊಲಿಗೆ ಮೆಷಿನ್ ಬೇಡ ಅಂತ ಹೇಳ್ಬೇಕು," ಎಂದರು.

ತಿಂಗಳ ಕೊನೆಗೆ ಅಪ್ಪ ಬಂದರು. ಕೊಡೆ ಮಡಿಸಿ ಮರದಡಿ ನಿಂತು, "ಈ ಗಲಾಟೇಲಿ ಹೇಗೆ ನಿದ್ದೆ ಮಾಡ್ತವೇ?" ಎಂದು ಕಿವಿ ಮುಚ್ಚಿಕೊಂಡರು.

"ಸ್ವಲ್ಪ ಇರಿ ಅಪ್ಪ."

ಊಟದ ಹೊತ್ತಾಯಿತು. ಸುತ್ತಿಗೆಗಳು ನಿಂತವು. ಜೋಲಿಗಳು ಒಂದೊಂದಾಗಿ ಅಲುಗಿದವು, ಆಮೇಲೆ ಎಲ್ಲ ಕಡೆಯಿಂದ ಅಳು. ಅಪ್ಪ ಗಾಬರಿಯಾಗಿ ಹತ್ತಿರದ ಜೋಲಿ ತೂಗತೊಡಗಿದರು. ನಾನು ಹಾಲು ತರಲು ಎದ್ದೆ.

"ನಾನು ಆ ಸ್ಕೂಲಿಗೆ ಸೇರಲ್ಲಪ್ಪ."

"ಗೊತ್ತಾಯ್ತು," ಎಂದರು ಅವರು, ತೂಗುತ್ತಲೇ. "ನಿಮ್ಮಮ್ಮನಿಗೆ ನೀನೇ ಹೇಳು."