ಮಾತು ಕೇಳದ ಎಡಗಾಲು

ನಾನು ಕಡಬದವಳು, ಮಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿ ನರ್ಸ್. ಮರ್ಕಂಜದ ಸೀತಮ್ಮನವರಿಗೆ ಎದೆಯೊಳಗಿನ ದೊಡ್ಡ ರಕ್ತನಾಳ ಊದಿಕೊಂಡು ಆಪರೇಷನ್ ಆಗಿತ್ತು. ಬೆನ್ನುಹುರಿಗೂ ರಕ್ತ ಹೋಗುವುದು ಆ ನಾಳದಿಂದಲೇ. ಆ ರಕ್ತ ಕಡಿಮೆಯಾದರೆ ಕಾಲುಗಳ ಬಲವೇ ಹೋಗಿಬಿಡಬಹುದು. ಹಾಗಾಗಿ ಗಂಟೆಗೊಮ್ಮೆ ಅವರ ಕಾಲು ಎತ್ತಿಸಿ ನೋಡುತ್ತಿದ್ದೆ.

“ಎಂತ ಮಾರಾಯ್ತಿ, ಪುನಃ ಬಂದೆಯಾ? ಮಲಗ್ಲಿಕ್ಕೆ ಬಿಡುದಿಲ್ವಾ?” ಎಂದು ಬಯ್ಯುತ್ತಲೇ ಎತ್ತುತ್ತಿದ್ದರು.

ಮರುದಿನ ಮಧ್ಯಾಹ್ನ ಅವರೇ ನನ್ನನ್ನು ಕರೆದರು. “ಇಲ್ಲಿ ಬಾ. ಈ ಎಡಗಾಲು ನನ್ನ ಮಾತು ಕೇಳುದಿಲ್ಲ.”

ನೋಡಿದರೆ ಬಿಪಿ ಇಳಿದಿತ್ತು. ಡಾಕ್ಟರು ಓಡಿ ಬಂದು ಬಿಪಿ ಏರಿಸುವ ಔಷಧಿ ಹೆಚ್ಚಿಸಿದರು. ಬೆನ್ನುಹುರಿಯ ಮೇಲಿನ ಒತ್ತಡ ತಗ್ಗಲೆಂದು, ಆಪರೇಷನ್ ವೇಳೆಯೇ ಬೆನ್ನಿಗೆ ಹಾಕಿದ್ದ ಸಪೂರ ನಳಿಗೆಯಿಂದ ಹುರಿಯ ಸುತ್ತಲಿನ ನೀರನ್ನು ಸ್ವಲ್ಪ ಇಳಿಸಿದರು. ಆಮೇಲೆ ಕಾಯುವುದಷ್ಟೇ ಉಳಿಯಿತು. ನಾನು ಪಾದ ಹಿಡಿದು ನಿಂತೆ. ಮತ್ತೆ ಮತ್ತೆ ಬಿಪಿಯ ಕಡೆಗೇ ನೋಡುತ್ತಿದ್ದುದನ್ನು ಅವರು ಗಮನಿಸಿರಬೇಕು.

“ನೀನು ಹೆದರ್ಬೇಡ ಮಗಾ. ಡಾಕ್ಟ್ರು ಇದ್ದಾರಲ್ಲ” ಎಂದು ನನಗೇ ಸಮಾಧಾನ ಹೇಳಿದರು.

ಸಂಜೆಯ ಹೊತ್ತಿಗೆ ಹೆಬ್ಬೆರಳು ನನ್ನ ಅಂಗೈಯಲ್ಲಿ ಮಿಸುಕಿತು. ಸ್ವಲ್ಪದರಲ್ಲೇ ಮಂಡಿಯೂ ಮಡಚಿತು. ನನಗೆ ಅಳು ಬಂತು.

“ನೀವು ಕೂಡ್ಲೇ ಹೇಳಿದ್ದು ಒಳ್ಳೇದಾಯ್ತು ಅಮ್ಮ” ಎಂದರು ಡಾಕ್ಟರು.

“ಕಾಲು ನನ್ನದಲ್ವಾ? ಮತ್ತೆ ಯಾರು ಹೇಳುದು?”

ಮನೆಗೆ ಹೊರಟ ದಿನ, ರೋಗಿಗಳು ಬಾಗಿಲವರೆಗೆ ಗಾಲಿಕುರ್ಚಿಯಲ್ಲೇ ಹೋಗಬೇಕೆಂಬ ನಿಯಮ ತಿಳಿಸಿದೆ. ಸೀತಮ್ಮ ತಮ್ಮ ಬಟ್ಟೆಯ ಚೀಲವನ್ನು ಅದರಲ್ಲಿ ಕೂರಿಸಿ, ತಾವೇ ತಳ್ಳಿಕೊಂಡು ಹೊರಟರು. ತಡೆಯುವ ಧೈರ್ಯ ಡಾಕ್ಟರಿಗೂ ಬರಲಿಲ್ಲ.