ಪರದೆ ಕೂಡಿಸಿದ ಫಿಟರ್

ಕಳೆದ ದಸರೆಯಲ್ಲಿ, ಆಯುಧ ಯಂತ್ರಗಳಿಗೆ ಪೂಜೆ ಮಾಡುವ ಖಂಡೇನವಮಿಯಂದು, ಖಡಕಿಯ ನಮ್ಮ ಕಟ್ಟಡದ ನೆರೆಯವರೊಬ್ಬರು ತಮ್ಮ ಸೊಸೆಯ ಕಂಪ್ಯೂಟರ್ ಮಾನಿಟರಿಗೆ ತಾವೇ ಹೊಸ ಪ್ಯಾನೆಲ್ ಕೂಡಿಸಿದರು. ಸೊಸೆ ಮನೆಯಿಂದಲೇ ಒಂದು ಸ್ಟುಡಿಯೋಗೆ ಮದುವೆ ಆಲ್ಬಮ್ ಮಾಡಿಕೊಡುತ್ತಿದ್ದರು. ಒಂದು ಆಲ್ಬಮ್ ಅಂದೇ ಸಂಜೆ ಕೊಡಬೇಕಿತ್ತು. ಹಳೆಯ ಪರದೆ ಬಿದ್ದು ಒಡೆದಿತ್ತು.

ನೆರೆಯವರು ತೋಪಿನ, ಅಂದರೆ ಫಿರಂಗಿಯ, ಕಾರ್ಖಾನೆಯ ನಿವೃತ್ತ ಫಿಟರ್. ಬಿಚ್ಚಿದ ಸ್ಕ್ರೂಗಳನ್ನು ತುಟಿಯಲ್ಲಿ ಕಚ್ಚಿಕೊಳ್ಳುತ್ತಿದ್ದರು. ಯಾರಾದರೂ ಸಲಹೆ ಕೊಟ್ಟರೆ, "ನನ್ನ ಕೈಯಾಗ ಯಾವುದೂ ಕೆಟ್ಟಿಲ್ಲ" ಎನ್ನುತ್ತಿದ್ದರು. ಅಂದು ನಾನು ಪಕ್ಕದಲ್ಲಿ ಟಾರ್ಚ್ ಹಿಡಿದಿದ್ದೆ. ಪರದೆ ಬೆಳಗಿತು, ಚಿತ್ರ ಸ್ವಚ್ಛವಾಗಿತ್ತು. ಕುಂಕುಮ ಹಚ್ಚದೆ ಅವರು ಯಾವ ಯಂತ್ರವನ್ನೂ ಕೆಲಸಕ್ಕೆ ಬಿಟ್ಟವರಲ್ಲ. ಹೆಬ್ಬೆರಳನ್ನು ಕುಂಕುಮದಲ್ಲಿ ಅದ್ದಿದರು.

"ಮಾವಾರ, ಚೌಕಟ್ಟಿಗೆ ಹಚ್ರಿ. ಗಾಜು ಭಾಳ ತೆಳು ಅದ," ಎಂದರು ಸೊಸೆ.

"ತೋಪಿಗೇ ಹಚ್ಚೀನಿ, ನಿನ್ನ ಡಬ್ಬಿ ಯಾವ ಲೆಕ್ಕ?"

ಪರದೆಯ ನಡುವೆ ಬೆರಳೊತ್ತಿ ಮೇಲಕ್ಕೆಳೆದರು. ಚಟ್ಟೆಂದಿತು. ಕುಂಕುಮದ ಸುತ್ತ ಕಪ್ಪು ಕಲೆ ಹರಡಿತು.

"ನಡುವ ಬಾಯಿ ಹಾಕಿದಿ, ಒಡೀತು. ನನ್ನ ಕೈಯಾಗ ಯಾವುದೂ ಕೆಟ್ಟಿಲ್ಲ," ಎಂದು ಸೊಸೆಯನ್ನು ಗದರಿ, ಕೈ ತೊಳೆಯಲು ಎದ್ದರು.

ಸ್ಟುಡಿಯೋದವರು ಆ ಆಲ್ಬಮನ್ನೂ ಮುಂದಿನವುಗಳನ್ನೂ ಬೇರೆಯವರಿಗೆ ಕೊಟ್ಟರು. ಸೊಸೆ ಈಗ ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನಲ್ಲಿ ಫೋನ್ ಎತ್ತುವ ಕೆಲಸಕ್ಕಿದ್ದಾರೆ. ಒಂದೇ ಮನೆಯಲ್ಲಿರುವ ಮಾವ, ಸೊಸೆ ಮಾತಾಡುವುದಿಲ್ಲ.