ರಂಗೋಲಿಯ ಮೇಲೆ ಬೀಳದ ನೀರು

ಕುವೆಂಪುನಗರದಲ್ಲಿ ನಾವು ಬಾಡಿಗೆಗಿರುವುದು ಮೇಲಿನ ಮನೆಯಲ್ಲಿ. ಕೆಳಗೆ ಓನರಮ್ಮ. ನಮ್ಮ ಬಾಲ್ಕನಿಗೆ ಸರಿಯಾಗಿ ಕೆಳಗೇ ಅವರ ಬಾಗಿಲು, ಬಾಗಿಲ ಮುಂದೆ ಅವರ ರಂಗೋಲಿ. ಮೂರನ್ನೂ ಒಂದೇ ನೇರಕ್ಕೆ ಇಟ್ಟ ಪುಣ್ಯಾತ್ಮ ಯಾರೋ, ಕೈಗೆ ಸಿಕ್ಕಿದ್ದರೆ ಚೆನ್ನಾಗಿ ವಿಚಾರಿಸಿಕೊಳ್ಳುತ್ತಿದ್ದೆ.

ಹೋದ ವರ್ಷ ಮಂಡಿ ಆಪರೇಷನ್ ಆದ ಮೇಲೆ ಅಪ್ಪನನ್ನು ಊರಿನಿಂದ ನಮ್ಮಲ್ಲಿಗೆ ಕರೆತಂದೆ. ಆರು ತಿಂಗಳು ಹೊಲಕ್ಕೆ ಇಳಿಯಕೂಡದು ಎಂದಿದ್ದರು ಡಾಕ್ಟರು. ಊರಲ್ಲೇ ಬಿಟ್ಟಿದ್ದರೆ ಮಾರನೇ ದಿನವೇ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದ; ತಡೆಯುವುದು ನಮ್ಮಣ್ಣನ ಕೈಲಿ ಆಗುವ ಮಾತಲ್ಲ. ಇಲ್ಲಿಗೆ ಬಂದವನು ಗೋಡೆ ನೋಡಿಕೊಂಡು ಕೂತ. ಊಟ ಅರ್ಧಕ್ಕರ್ಧ ಇಳಿಯಿತು. ಗೊಬ್ಬರದ ಚೀಲದಲ್ಲಿ ಹೊಲಿಸಿದ ಬ್ಯಾಗಿನಲ್ಲಿ ಬಟ್ಟೆ ತುಂಬಿಕೊಂಡು ಬಂದಿದ್ದ, ಅದನ್ನು ಖಾಲಿ ಮಾಡಲೇ ಇಲ್ಲ. ಹೊರಡುವವನ ಹಾಗೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ.

ಒಂದು ದಿನ ಆ ಬ್ಯಾಗಿನಿಂದ ಸೂರ್ಯಕಾಂತಿ ಬೀಜದ ಪೊಟ್ಟಣ ಹೊರಗೆ ಬಂತು. ಹಳೇ ಪೇಂಟ್ ಬಕೆಟ್‌ಗಳ ತಳಕ್ಕೆ ಕಂಬಿ ಕಾಯಿಸಿ ತಾನೇ ತೂತು ಮಾಡಿದ. ನನ್ನ ಕೈಲಿ ಮಣ್ಣು ತುಂಬಿಸಿದ, ತಾನು ಬೀಜ ಊರಿದ. ಎರಡೆಲೆ ಕಂಡ ದಿನ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡ. ಇನ್ನು ಇವನು ಇಲ್ಲಿ ನಿಲ್ಲುತ್ತಾನೆ ಎಂದು ನಾನು ಒಳಗೊಳಗೇ ಕುಣಿದೆ.

ಆಗ ಶುರುವಾಯಿತು ಓನರಮ್ಮನ ರಗಳೆ. "ನಿಮ್ಮ ಬಕೆಟ್ ನೀರು ನನ್ನ ರಂಗೋಲಿ ಮೇಲೆ ತೊಟ್ಟಿಕ್ತಾ ಇದೆ ಕಣಮ್ಮ. ಬೆಳಿಗ್ಗೆ ಹಾಕಿದ್ದು ಕಾಫಿ ಕುಡಿಯೋ ಹೊತ್ತಿಗೆ ಕೆಸರು!"

ಮಳೆಗಾಲದಲ್ಲಿ ಮೋಡಕ್ಕೂ ನೋಟಿಸ್ ಕೊಡ್ತೀರಾ ಎಂದು ಕೇಳುವುದು ನಾಲಿಗೆ ತುದಿಗೆ ಬಂದಿತ್ತು. ಬಾಡಿಗೆಯವರ ನಾಲಿಗೆ, ನುಂಗಿಕೊಂಡೆ. ನಮ್ಮ ಯಜಮಾನರು "ನಾನು ನೋಡ್ಕೋತೀನಿ ಬಿಡು" ಎಂದರು.

ಆಮೇಲೆ ದೂರು ನಿಂತಿತು. ಆದರೆ ಗಿಡಗಳೂ ನಿಂತುಬಿಟ್ಟವು. ಕೆಳಗಿನ ಎಲೆ ಹಳದಿ ತಿರುಗಿತು. ಮಧ್ಯಾಹ್ನವಾದರೆ ಕತ್ತು ಜೋತುಬೀಳುತ್ತಿತ್ತು. ಬಾಯಾರಿದೆ ಪಾಪ ಎಂದು ನಾನು ಇನ್ನೊಂದು ಚೊಂಬು ನೀರು ಹಾಕುತ್ತಿದ್ದೆ. ಅವು ಇನ್ನಷ್ಟು ಜೋಲುತ್ತಿದ್ದವು.

ಬಗ್ಗಲಾಗದ ಅಪ್ಪ ಕೋಲೂರಿಕೊಂಡು ಬಕೆಟ್‌ಗಳ ಮುಂದೆ ನಿಂತಿರುತ್ತಿದ್ದ. "ನೀರು ನಿಂತ ಹೊಲದಲ್ಲಿ ಇಂಗೇ ಆಗೋದು. ಆದ್ರೆ ಇವುಕ್ಕೆ ನಾನೇ ತೂತ ಹಾಕಿವ್ನಲ್ಲ," ಎಂದ. ಕೋಲಿನ ತುದಿಯಿಂದ ಒಂದು ಹಳದಿ ಎಲೆ ಎತ್ತಿ ನೋಡಿ, "ನನ್ ಕೈಗುಣ ಓಯ್ತು ಕಣವ್ವ. ಭಾನುವಾರ ಬಸ್ ಹತ್ಸುಬುಡು, ಊರಿಗೆ ಓಯ್ತೀನಿ," ಎಂದ.

ಊರಿಗೆ ಹೋದರೆ ಆ ಮಂಡಿಯ ಕಥೆ ಮುಗಿದ ಹಾಗೇ.

ಶನಿವಾರ ಬೆಳಿಗ್ಗೆ ಓನರಮ್ಮ ಮೆಟ್ಟಿಲು ಹತ್ತಿ ಬಂದರು. ಜಗಳಕ್ಕೇ ಎಂದುಕೊಂಡು ನಾನು ಸೆರಗು ಸಿಕ್ಕಿಸಿಕೊಂಡು ನಿಂತೆ.

"ಏನಮ್ಮ, ಒಂದು ವಾರದಿಂದ ನನ್ನ ರಂಗೋಲಿ ಮೇಲೆ ಒಂದು ಹನಿಯೂ ಇಲ್ಲ," ಎಂದರು ಮೆಲ್ಲಗೆ. "ನಿಮ್ಮ ತಂದೆ ಗಿಡಕ್ಕೆ ನೀರು ಹಾಕೋದೇ ಬಿಟ್ಟುಬಿಟ್ರಾ? ಹುಷಾರಾಗಿದಾರೆ ತಾನೇ?"

ನೀರು ದಿನಾ ಹಾಕುತ್ತಿದ್ದವಳು ನಾನು. ಹಾಗಾದರೆ ಅಷ್ಟು ನೀರು ಎಲ್ಲಿಗೆ ಹೋಗುತ್ತಿದೆ? ಓಡಿಹೋಗಿ ಒಂದು ಬಕೆಟ್ ವಾಲಿಸಿ ನೋಡಿದೆ. ತಳದ ತೂತಿಗೆಲ್ಲ ಅಚ್ಚುಕಟ್ಟಾಗಿ ಸಿಮೆಂಟು ಮೆತ್ತಿತ್ತು.

"ರೀ!"

ನನ್ನ ಕೂಗು ಬಸ್ ಸ್ಟಾಪಿನವರೆಗೂ ಕೇಳಿಸಿರಬೇಕು. ಯಜಮಾನರು ಅರ್ಧ ಶೇವಿಂಗ್ ಮಾಡಿದ ಮುಖದಲ್ಲೇ ಬಂದರು. "ಬಕೆಟ್ ತೆಗೀರಿ ಅಂತ ಇವರು ಅಂದುಬಿಟ್ರೆ ಮಾವ ನೊಂದ್ಕೋತಾರೆ ಅಂತ..." ಎಂದು ತೊದಲಿದರು. ಬೈಯೋಣವೆಂದರೆ ನಗು ಬಂದುಬಿಟ್ಟಿತು.

"ಅಯ್ಯೋ ರಾಮ, ಮೊದಲು ಅದನ್ನ ಕಿತ್ತುಹಾಕಿ. ರಂಗೋಲಿ ನಾಳೆನೂ ಹಾಕ್ಬಹುದು ಕಣ್ರೀ," ಎಂದರು ಓನರಮ್ಮ.

ಯಜಮಾನರು ಸ್ಕ್ರೂಡ್ರೈವರ್‌ನಿಂದ ಕುಟ್ಟಿದ ಕೂಡಲೇ ಕಪ್ಪು ನೀರು, ಗಬ್ಬು ನಾತ, ಸೀದಾ ಕೆಳಗಿನ ರಂಗೋಲಿಯ ಮೇಲೆ. ಓನರಮ್ಮ ಮೂಗು ಮುಚ್ಚಿಕೊಂಡು ನೋಡುತ್ತಲೇ ನಿಂತರು.

"ಅಂಗಾರೆ ನನ್ ಕೈಗುಣ..." ಅಪ್ಪ ಶುರು ಮಾಡಿದ.

"ನಿನ್ ಕೈಗೇನಾಗಿದೆ ಧಾಡಿ! ಇದು ನಿನ್ನ ಅಳಿಯನ ಕೈಗುಣ," ಎಂದೆ.

ಅಪ್ಪ ನಗಲಿಲ್ಲ. "ಇನ್ನೊಂದ್ ವಾರ ನೋಡವ," ಎಂದ, ಅಷ್ಟೆ. ಆ ವಾರ ನಾನು ದೇವರಿಗಿಂತ ಹೆಚ್ಚು ಆ ಬಕೆಟ್‌ಗಳಿಗೇ ಕೈಮುಗಿದಿದ್ದೇನೆ. ಎರಡು ಗಿಡದ ಬೇರು ಕೊಳೆತೇ ಹೋಗಿತ್ತು. ಉಳಿದವು ಕುಳ್ಳಗಾದರೂ ನಡುವಿನಿಂದ ಹಸಿರು ಚಿಗುರು ಬಿಟ್ಟವು. ಅಬ್ಬಾ, ಹೋದ ಜೀವ ಬಂದ ಹಾಗಾಯಿತು.

ವಾರ ತುಂಬಿದ ಭಾನುವಾರ ಬೆಳಿಗ್ಗೆ ಅಪ್ಪ ಮೊಳೆಯಿಂದ ಬ್ಯಾಗು ತೆಗೆದ. ನಾನು ಬಾಗಿಲಿಗೆ ಅಡ್ಡ ನಿಂತೆ. ಅವನು ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದ, ಬ್ಯಾಗನ್ನು ಕೊಡವಿದ, ಅಳಿಯನ ಕೈಗೆ ಕೊಟ್ಟ.

"ಬನ್ನಿಮಂಟಪದ ತಾವ ಯಾರೋ ಹಸ ಕಟ್ಟವ್ರೆ ಅಂದಿದ್ರಲ್ಲ. ಇದ್ರ ತುಂಬ ಗೊಬ್ಬರ ತಕಬನ್ನಿ."